ಚೌಡಮ್ಮನ ರಸ್ತೆ

ಹೋದ ವಾರ ನಾನೇ ಓದಿ ಹೇಳಿದ ಒಂದು ಪದ ಗಂಟಲಲ್ಲಿ ಮುಳ್ಳಾಗಿ ಕೂತಿದೆ. ಅದನ್ನು ತೆಗೆಯುವ ಧೈರ್ಯ ಸಾಲದೆ, ಚೌಡಮ್ಮನ ಕೆಲಸದ ಬಗ್ಗೆ ಬರೆಯುವ ನೆಪದಲ್ಲಿ ಮತ್ತೆ ಬಂದಿದ್ದೇನೆ.

ಶಿವಮೊಗ್ಗದಿಂದ ಭದ್ರಾವತಿಗೆ ಹೋಗುವ ಹಳಿಯ ಪಕ್ಕದಲ್ಲಿ ಸರಕು ಗಾಡಿಗಳಿಗೆಂದೇ ಹಾಕಿದ ಕವಲು ದಾರಿಯಿದೆ. ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಚೌಡಮ್ಮ ತಲೆಯ ಸಿಂಬಿಯ ಮೇಲೆ ಜಲ್ಲಿಬುಟ್ಟಿ ಹೊತ್ತು ತಂದು, ಹಳಿಯ ಕೆಳಗಿನ ಮರದ ದಿಮ್ಮಿಗಳ ಸಂದಿಗೆ ಸುರಿಯುತ್ತಾರೆ. ಒಂದು ದಿಮ್ಮಿಯನ್ನು ಕಾಲಿನ ಹೆಬ್ಬೆರಳಲ್ಲಿ ಒತ್ತಿದರೆ ಹಿಟ್ಟಿನಂತೆ ಉದುರುತ್ತದೆ.

“ಒಳಗೆಲ್ಲ ಗೆದ್ಲು ಅಮ್ಮಾರೇ. ನಾವು ಜಲ್ಲಿ ತುಂಬಿ ಮಾನ ಮುಚ್ತಿದೀವಿ, ಅಷ್ಟೆ.”

ಚೌಡಮ್ಮನ ಗಂಡ ಹಳಿ ದುರಸ್ತಿಯ ಇದೇ ಗ್ಯಾಂಗಿನಲ್ಲಿದ್ದರು. ಅವರು ಚಳಿಜ್ವರದಲ್ಲಿ ತೀರಿಕೊಂಡ ಮೇಲೆ ಬುಟ್ಟಿ ಇವರ ತಲೆಗೆ ಬಂತು. ದಿಮ್ಮಿ ಬದಲಾಗದಿದ್ದರೆ ಕವಲನ್ನೇ ಮುಚ್ಚುತ್ತಾರೆ, ಕೆಲಸವೂ ಹೋಗುತ್ತದೆ ಎಂಬ ಮಾತಿತ್ತು. ಅಷ್ಟರಲ್ಲಿ, ಪೆಟ್ರೋಲಿನ ತೆರಿಗೆ ಹಣ ರಸ್ತೆಗೆ ಎಂದು ಪತ್ರಿಕೆಯಲ್ಲಿ ಮಹಾಯುದ್ಧದ ಸುದ್ದಿಗಳ ನಡುವೆ ಬಂತು. ನಾನು ಓದಿ ಹೇಳಿದೆ. ಗ್ಯಾಂಗಿನ ಹೆಂಗಸರೆಲ್ಲ ಹಿಗ್ಗಿದರು, ಚೌಡಮ್ಮ ನನ್ನ ಕೆನ್ನೆ ನೀವಿದರು. ಯಾಕೆಂದು ಹೊಳೆದದ್ದು ಮನೆ ಸೇರಿದ ಮೇಲೆ. ಗ್ಯಾಂಗಿನವರ ಬಾಯಲ್ಲಿ ಹಳಿಯೇ ‘ರಸ್ತೆ’.

ನನಗೂ ಗೊಂದಲವೇ. ಲಾರಿ ಕುಡಿಯುವ ಎಣ್ಣೆಯ ತೆರಿಗೆ ಲಾರಿಯ ದಾರಿಗೆ, ಸರಿ. ಸೌದೆ ಸುಟ್ಟು ಊರಿನ ಸರಕನ್ನೆಲ್ಲ ಎಳೆಯುವ ಗಾಡಿಯ ದಾರಿಗೆ ಕೊಡಬೇಕಾದವರು ಯಾರು? ಬಿ.ಎ. ಓದಿಯೂ ಉತ್ತರ ಸಿಕ್ಕಿಲ್ಲ.

ಲಾರಿ ಡ್ರೈವರ್ ಕರಿಯಣ್ಣ ಬಂದು ಚೌಡಮ್ಮನ ಎದುರು ನಿಲ್ಲುತ್ತಾನೆ. ಭದ್ರಾವತಿಯ ಒಂದು ಇದ್ದಿಲು ಗೋದಾಮಿಗೆ ಆಳು ಬೇಕಂತೆ. ಇವತ್ತು ತಪ್ಪಿದರೆ ಜಾಗ ಬೇರೆಯವರಿಗೆ.

“ಬರ್ತೀಯೇನೇ ಮಾರಾಯ್ತಿ?”

“ನಿನ್ನ ಲಾರಿ ಎಣ್ಣೆ ಕುಡಿದಷ್ಟೂ ನಮ್ಮ ರಸ್ತೆಗೆ ಹೊಸ ದಿಮ್ಮಿ ಕಣೋ. ಚೆನ್ನಾಗಿ ಕುಡಿಸು!”

“ಯುದ್ಧದ ಕಾಲ್ದಲ್ಲಿ ಎಣ್ಣೆ ಎಲ್ಲಿಂದ ತರ್ಲಿ?” ಕರಿಯಣ್ಣ ಲಾರಿಯ ಬೆನ್ನಿಗೆ ಕಟ್ಟಿದ ಒಲೆ ತೋರಿಸುತ್ತಾನೆ. “ಈಗ ಇದು ಇದ್ದಿಲ ಹೊಗೆ ಕುಡ್ಕೊಂಡು ಓಡ್ತದೆ. ಹೊಗೆಗೆ ಯಾವ ತೆರಿಗೆ?”

ಎಲ್ಲರೂ ನಗುತ್ತಾರೆ. ನನಗೆ ನಗು ಬರುವುದಿಲ್ಲ.

“ನಾ ಬರಲ್ಲ, ಹೋಗು,” ಎನ್ನುತ್ತಾರೆ ಚೌಡಮ್ಮ. “ಹೊಸ ದಿಮ್ಮಿ ಮೇಲೆ ಮೊದಲ್ನೇ ಗಾಡಿ ಕುಲುಕದಂಗೆ ಹೋಗೋದು ನೋಡ್ಬೇಕು. ನಂಗಿರೋದು ಅದೊಂದೇ ಆಸೆ.”

ಕರಿಯಣ್ಣ ಲಾರಿಯತ್ತ ತಿರುಗುತ್ತಾನೆ.

“ಕರಿಯಣ್ಣ, ನಿಲ್ಲಿ!” ಆ ದನಿ ನನ್ನದೇ. “ಚೌಡಮ್ಮ, ಪತ್ರಿಕೆಯಲ್ಲಿ ಬಂದ ರಸ್ತೆ ಇದಲ್ಲ. ಅದು ಲಾರಿ ಓಡೋ ರಸ್ತೆ.”