ಹೆಸರಿಲ್ಲದ ನಂಬರು

ಗಚ್ಚಿಬೌಲಿಯ ಕಂಪನಿಯಲ್ಲಿ ನನ್ನ ಕೆಲಸವೆಂದರೆ ಯಂತ್ರಗಳನ್ನು ಕಾಯುವ ಯಂತ್ರವನ್ನು ಕಾಯುವುದು. ಯಾವ ಸರ್ವರಿಗೆ ಜ್ವರ ಬಂದರೂ ನಮ್ಮ ಮಾನಿಟರಿಂಗ್ ಸಾಫ್ಟ್‌ವೇರು ಸಂಬಂಧಪಟ್ಟವರ ಮೊಬೈಲಿಗೆ ಮೆಸೇಜು ಕಳಿಸುತ್ತಿತ್ತು. ಕುಷಾಯಿಗೂಡದ ಮನೆಯಲ್ಲಿ ಇದನ್ನು ಎಷ್ಟು ವಿವರಿಸಿದರೂ ಅಪ್ಪ, "ಅಂದ್ರ ವಾಚ್‌ಮನ್ ಕೆಲಸ," ಎನ್ನುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಹಳೆಯ ಸರ್ವರು ಮುದಿಯಾಯಿತೆಂದು ಅದರ ಸೆಟ್ಟಿಂಗುಗಳನ್ನೆಲ್ಲ ಹೊಸದಕ್ಕೆ ಸಾಗಿಸುವ ಕೆಲಸ ನನ್ನ ತಲೆಗೆ ಬಂತು. ಫೈಲು ತೆರೆದರೆ ಧರ್ಮಛತ್ರ. ಅದು ಐಟಿಯ ಸುಗ್ಗಿಕಾಲ. ಪಕ್ಕದ ಕಟ್ಟಡದವರು ಕರೆದರೆ ಜನ ಊಟದ ಡಬ್ಬಿ ಸಮೇತ ಎದ್ದು ಹೋಗುತ್ತಿದ್ದರು. ಹೋದವರ ನಂಬರುಗಳು ಮಾತ್ರ ಫೈಲಿನಲ್ಲೇ ಠಿಕಾಣಿ ಹೂಡಿದ್ದವು. ಇದ್ದದ್ದನ್ನು ಇದ್ದ ಹಾಗೆ ನಕಲು ಮಾಡಿದ್ದರೆ ಕೆಲಸ ಮುಗಿಯುತ್ತಿತ್ತು. ಆದರೆ ನಾನು ಮಹಾ ಶಾಣ್ಯಾ. ಸಿಬ್ಬಂದಿ ಪಟ್ಟಿ ಮುಂದಿಟ್ಟುಕೊಂಡು, ಅದರಲ್ಲಿಲ್ಲದ ನಂಬರುಗಳನ್ನೆಲ್ಲ ಕಿತ್ತೊಗೆದೆ. ಸರ್ವರ್ ರೂಮು ಬಿಸಿಯೇರಿದರೆ ಮೆಸೇಜು ಹೋಗುವ ಕಡೆ ಒಂದೇ ಒಂದು ನಂಬರಿತ್ತು, ಹೆಸರಿರಲಿಲ್ಲ. ಅದನ್ನೂ ಅಳಿಸಿ ಮ್ಯಾನೇಜರರ ನಂಬರು ಹಾಕಿದೆ. ಒಂದು ಸಲ ಡಯಲ್ ಮಾಡಿ ನೋಡುವ ಬುದ್ಧಿ ಬರಲಿಲ್ಲ. ಮ್ಯಾನೇಜರು ಬೆನ್ನು ತಟ್ಟಿದರು, ನಾನು ಉಬ್ಬಿಹೋದೆ.

ನಮ್ಮ ಗೇಟು ಕಾಯುತ್ತಿದ್ದ ಕಾಕಾ ಯಾದಗಿರಿ ಕಡೆಯವರು. ಆ ಕಟ್ಟಡ ಕಟ್ಟಲು ಕೂಲಿಗೆ ಬಂದು, ಕಟ್ಟಿದ ಮೇಲೆ ಅದರ ಗೇಟಿಗೇ ನಿಂತವರು. ಗೇಟಿನ ಹಿಂದಿನ ಕೋಣೆಯಲ್ಲಿ ಹೆಂಡತಿಯೊಂದಿಗೆ ಸಂಸಾರ. ಹೊಸ ಸರ್ವರು ಬಂದ ಮೂರನೆಯ ದಿನ ನನ್ನನ್ನು ಕರೆದು, "ಸಾಹೇಬ್ರ, ನಿಮ್ಮ ಹೊಸಾ ಮಷೀನು ಭಾಳ ಛಲೋ ಐತ್ರಿ. ಒಮ್ಮೀನೂ ಒದರಿಲ್ಲ," ಎಂದರು. ಒದರುವುದೆಂದರೇನು ಎಂದು ಕೇಳದೆ, ಹೊಗಳಿಕೆಯ ಜೊತೆಗೆ ಅವರು ತರಿಸಿದ ಚಹಾವನ್ನೂ ಹೀರಿದೆ.

ಭಾನುವಾರ ಎಸಿ ನಿಂತು, ರೂಮು ಕಾದು, ಎರಡು ಸರ್ವರು ಮಲಗಿದವು. ಸೋಮವಾರ ನಾನು ಬರುವ ಹೊತ್ತಿಗೆ ಮ್ಯಾನೇಜರು ಗೇಟಿನಲ್ಲಿ ಕಾಕಾನನ್ನು ಹಿಂದಿಯಲ್ಲಿ ಬೈಯುತ್ತಿದ್ದರು. ನೀನು ಮಲಗಿಬಿಟ್ಟಿದ್ದೆ, ಇವತ್ತೇ ಏಜೆನ್ಸಿಗೆ ಹೇಳಿ ತೆಗೆಸುತ್ತೇನೆ, ಕೋಣೆ ಖಾಲಿ ಮಾಡು ಎಂದೆಲ್ಲ.

ಕಾಕಾ ತಮ್ಮ ಮೊಬೈಲನ್ನು ನನ್ನತ್ತ ಚಾಚಿದರು. "ನೀವರ ಹೇಳ್ರಿ ಸಾಹೇಬ್ರ. ನನಗ ಓದಾಕ ಬರಂಗಿಲ್ಲ. ಇದು ಕುಂಯ್ ಅಂದ್ರ ಮ್ಯಾಲ ಹೋಗಿ ಎಸಿ ಬಂದ್ ಮಾಡಿ ಚಾಲೂ ಮಾಡಬೇಕು, ಅಷ್ಟ ಗೊತ್ತು. ನಿನ್ನಿ ಕುಂಯ್ ಅನ್ನಲೇ ಇಲ್ರಿ."

ಹೆಸರಿಲ್ಲದ ನಂಬರು ಯಾರದೆಂದು ಆಗ ತಿಳಿಯಿತು. ಆ ಏರ್ಪಾಡು ಮಾಡಿದ ಪುಣ್ಯಾತ್ಮ ಎಂದೋ ಪಕ್ಕದ ಕಟ್ಟಡ ಸೇರಿದ್ದ.

ನನಗೆ ನಾಚಿಕೆಯಾಯಿತು. ಹೆದರಿಕೆ ಅದಕ್ಕಿಂತ ಹೆಚ್ಚಾಯಿತು, ಏಕೆಂದರೆ ನನ್ನ ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ಬಾಯಿ ಮುಚ್ಚಿಕೊಂಡಿದ್ದರೆ ನನ್ನ ಕೂದಲೂ ಕೊಂಕುತ್ತಿರಲಿಲ್ಲ. ಆದರೆ ಕಾಕಾ ನನ್ನ ಮುಖವನ್ನೇ ನೋಡುತ್ತಿದ್ದರು.

"ಅವರ ನಂಬರು ಅಳಿಸಿದ್ದು ನಾನು ಸರ್," ಎಂದೆ. "ಮೆಸೇಜು ನಿಮ್ಮ ಮೊಬೈಲಿಗೆ ಬಂದಿದೆ."

ಮ್ಯಾನೇಜರು ಜೇಬಿನಿಂದ ತೆಗೆದು ನೋಡಿದರು. ಹನ್ನೊಂದು ಮೆಸೇಜು, ಒಂದನ್ನೂ ತೆರೆದಿರಲಿಲ್ಲ. ಮೊಬೈಲನ್ನು ಜೇಬಿಗಿಳಿಸಿ ಒಳಗೆ ಹೋದರು. ನಾನು ಕಾಯಂ ಆಗುವುದು ಮೂರು ತಿಂಗಳು ಮುಂದೆ ಹೋಯಿತು. ಕಾಕಾ ಗೇಟಿನಲ್ಲೇ ಉಳಿದರು.

ಅಂದೇ ನಂಬರನ್ನು ವಾಪಸು ಸೇರಿಸಿ, ಐದು ನಿಮಿಷದ ನಂತರ ಒಂದು ಮೆಸೇಜು ಬರುವಂತೆ ಮಾಡಿಟ್ಟು ಗೇಟಿಗೆ ಹೋದೆ. "ಕಾಕಾ, ಈಗ ಒದರತೈತಿ. ಬರೇ ಪರೀಕ್ಷಾಕ್ಕ, ಸುಳ್ಳ," ಎಂದು ಹೇಳಿದೆ. ಕುಂಯ್ ಎಂದಿತು. ಕಾಕಾ ಕುರ್ಚಿ ಬಿಟ್ಟು ಮೆಟ್ಟಿಲ ಕಡೆ ಓಡಿದರು. ಆಮೇಲೆ ಏದುಸಿರು ಬಿಡುತ್ತ ಇಳಿದು ಬಂದು, "ಚಾಲೂ ಮಾಡೀನ್ರಿ," ಎಂದರು.

"ಸುಳ್ಳ ಅಂತ ಹೇಳಿದ್ನಲ್ಲ ಕಾಕಾ?"

"ಹೌದ್ರಿ. ಆದ್ರ ಅದು ಒದರಿತಲ್ರಿ."

ಸಂಜೆ ಮನೆಯಲ್ಲಿ ಅಪ್ಪ, "ಹೆಂಗ ನಡದೈತಿ ನಿನ್ನ ವಾಚ್‌ಮನ್ ಕೆಲಸ?" ಎಂದರು.

"ಇನ್ನೂ ಕಲಿಯಾಕತ್ತೀನಿ," ಎಂದೆ.