ಮಲಕಮ್ಮನ ರೊಟ್ಟಿಗೆ ರತ್ನಾಬಾಯಿಯ ಮುಖ

ನಮ್ಮತ್ತೆ ಮಲಕಮ್ಮನಿಗೆ ಮೆಲ್ಲಗೆ ಮಾತಾಡಲು ಬರುವುದಿಲ್ಲ. ಅವಳು ರೊಟ್ಟಿ ಬಡಿಯುತ್ತ ಫೋನಿನಲ್ಲಿ ಮಾತಾಡಿದರೆ, ಪುಣೆಗೆ ಫೋನ್ ಯಾಕೆ ಬೇಕು, ಹಾಗೇ ಕೇಳಿಸುತ್ತದಲ್ಲ ಎಂದು ಸೊಲ್ಲಾಪುರದ ನಮ್ಮ ಓಣಿಯವರು ಚೇಷ್ಟೆ ಮಾಡುತ್ತಾರೆ. ಮಾಡಲಿ. ಕರಜಗಿಯಲ್ಲಿ ಮಂದಿಯ ಹೊಲಕ್ಕೆ ಕೂಲಿ ಹೋಗಿ, ಗಂಡ ಜಟ್ಟೆಪ್ಪ ತೀರಿಕೊಂಡ ಮೇಲೆ ಒಬ್ಬನೇ ಮಗನ ಕೈಹಿಡಿದು ಈ ಊರಿಗೆ ಬಂದು ಒಲೆ ಹೂಡಿದವಳು ಅವಳು. ಆ ದನಿ ಇರದಿದ್ದರೆ ನಾವು ಯಾರೂ ಇಲ್ಲಿ ಇರುತ್ತಿರಲಿಲ್ಲ.

ಅವಳು ಮಾಡುವುದು ಎರಡೇ ಪದಾರ್ಥ. ಜೋಳದ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಅಂದರೆ ಚಟ್ನಿಪುಡಿ. ಗುರುವಾರ ಬಂತೆಂದರೆ ಬುಟ್ಟಿ ಹೊತ್ತು ಅಕ್ಕಲಕೋಟಕ್ಕೆ ಹೋಗುತ್ತಾಳೆ. ಅಲ್ಲಿಯ ಗುಡಿಗೆ ದರ್ಶನಕ್ಕೆ ಬಂದವರು ಕಟ್ಟಿಸಿಕೊಂಡು ಹೋಗುತ್ತಾರೆ, ಡಬ್ಬಿ ಖಾಲಿಯಾದ ಮೇಲೆ ಪುಣೆ, ಮುಂಬಯಿಯಿಂದ ಫೋನ್ ಮಾಡುತ್ತಾರೆ. ಹಾಗೆ ಬಂದ ಫೋನಿಗೆ ಅತ್ತೆಯ ಮೊದಲ ಮಾತು, "ಖಾರ ಎಷ್ಟ್ ತಿಂತೀರಿ? ಮನ್ಯಾಗ ಮುದುಕ್ರು ಅದಾರೇನ್ರಿ?" ಉತ್ತರ ಕೇಳಿದ ಮೇಲೆಯೇ ಅವಳ ಒರಳು ಸದ್ದು ಮಾಡುತ್ತದೆ.

ಧಂದೆ ಬೆಳೆಯಲಿ ಎಂದು ವೆಬ್‌ಸೈಟ್ ಮಾಡಿಸಲು ಹೊರಟವನು ನನ್ನ ಗಂಡ ಕುನಾಲ. ಗಂಡನ ಹೆಸರು ಹೇಳಿ ಕರೆಯುವವಳು ನಾನು, ಬಯ್ಯುವವರು ಬಯ್ಯಲಿ. ಟಾವೆಲ್ ಕಾರಖಾನೆಯಲ್ಲಿ ಅವನಿಗೆ ನೌಕರಿ. ಅಲ್ಲಿ ಗುರುತಾದ ಲಕ್ಷ್ಮೀಕಾಂತ ಎಂಬವನು ಅಂಗಡಿಗಳಿಗೆ ವೆಬ್‌ಸೈಟ್ ಮಾಡಿಕೊಡುತ್ತಿದ್ದ. ನಾನಾಗ ಬಾಣಂತನಕ್ಕೆಂದು ತವರುಮನೆ ನಾಗಣಸೂರಿನಲ್ಲಿದ್ದೆ. ಫೋನಿನಲ್ಲಿ ಕೇಳಿದರೆ ಕುನಾಲ, "ಆಗ್ಯದ, ಭಾರಿ ಆಗ್ಯದ, ಬಂದಮ್ಯಾಲ ತೋರಸ್ತೀನಿ" ಎನ್ನುತ್ತಿದ್ದ. ಕೂಸಿನ ಗದ್ದಲದಲ್ಲಿ ನಾನೂ ಬಿಟ್ಟೆ.

ಕೂಸನ್ನು ಕರೆದುಕೊಂಡು ಸೊಲ್ಲಾಪುರಕ್ಕೆ ಹೊರಟ ದಿನ ಗುರುವಾರ. ಅತ್ತೆಯ ಜೊತೆಗೇ ಹೋದರಾಯಿತು ಎಂದು ಅಕ್ಕಲಕೋಟದಲ್ಲಿ ಬಸ್ಸಿಳಿದು ಅವಳ ಬುಟ್ಟಿಯ ಬಳಿ ಕೂತಿದ್ದೆ. ಆಗ ಬಂದಳು ಸಾರಿಕಾ. ಸೊಲ್ಲಾಪುರದ ವ್ಯಾಪಾರಸ್ಥರ ಮಗಳು, ಪುಣೆಗೆ ಮದುವೆಯಾಗಿ ಹೋದವಳು, ನಮ್ಮ ಹಳೆಯ ಗಿರಾಕಿ.

"ಕಾಕು, ನನ್ನ ಫೋನ್ ಕಳದು ನಿಮ್ಮ ನಂಬರ್ ಹೋತ್ರಿ. ಇಂಟರ್ನೆಟ್‌ನ್ಯಾಗ ಹುಡಕಿದ್ರ ಯಾರೋ ರತ್ನಾಬಾಯಿ ನಿಮ್ಮ ಹಿಂಡಿ ಕದ್ದು ಮಾರಾಕತ್ಯಾಳ ನೋಡ್ರಿ!"

"ಯಾವಾಕಿ ಆಕಿ?" ಅತ್ತೆ ಅರ್ಧ ಎದ್ದೇ ಬಿಟ್ಟಳು.

ಸಾರಿಕಾ ಮೊಬೈಲ್ ಚಾಚಿದಳು. ಪುಟ ತೆರೆಯುವಷ್ಟರಲ್ಲಿ ನಮ್ಮ ಕೂಸು ಒಂದು ನಿದ್ದೆ ತೆಗೆಯಬಹುದಿತ್ತು. ಕೊನೆಗೆ ಕಂಡಿದ್ದು ಬೆಳ್ಳಗಿನ ಒಬ್ಬ ಹೆಂಗಸು. ಕಾಸೆ ಹಾಕಿ ಉಟ್ಟ ಸೀರೆ, ಮೂಗಿಗೆ ದೊಡ್ಡ ನತ್ತು, ಕೈಯಲ್ಲಿ ಅಚ್ಚಿನಲ್ಲಿ ಕೊರೆದಂಥ ಗುಂಡನೆ ರೊಟ್ಟಿ. ಬೆರಳಿನ ಗುರುತಿಲ್ಲ, ಸುಟ್ಟ ಕಲೆಯಿಲ್ಲ. ಕೆಳಗೆ ಇಂಗ್ಲಿಷಿನಲ್ಲಿ, ರತ್ನಾಬಾಯಿಯವರ ಶುದ್ಧ ಮನೆತನದ ಪರಂಪರೆಯ ಅಡುಗೆ ಎಂದು ಬರೆದಿತ್ತು. ಹಿಂಡಿಯ ಡಬ್ಬಿ ಮಾತ್ರ ನಮ್ಮದೇ. ಮುಚ್ಚಳದ ಸೊಟ್ಟ ನೋಡಿಯೇ ನಾನು ಗುರುತು ಹಿಡಿದೆ.

"ಒಂದು ರೊಟ್ಟಿ ಬೇಕಂದ್ರ ಖಾತೆ ತೆರಿ, ಪಾಸ್‌ವರ್ಡ್ ಹಾಕು ಅಂತದ. ಊರಿಲ್ಲ, ಪತ್ತಾ ಇಲ್ಲ, ಫೋನ್ ನಂಬರ್ ಎಲ್ಲೂ ಇಲ್ಲ" ಎಂದು ಸಾರಿಕಾ ಬೇಸರಪಟ್ಟಳು. "ಖಾರ ಕಡಿಮಿ ಹಾಕ್ರಿ ಅಂತ ಹೇಳಬೇಕಂದ್ರ ಯಾರಿಗೆ ಹೇಳಲಿ?"

ಅತ್ತೆ ಆ ಫೋಟೊವನ್ನೇ ನೋಡುತ್ತ ಕೂತಳು. ನನಗೆ ಮೈಯೆಲ್ಲ ಉರಿಯಿತು. ಇದು ಯಾರ ಕೆಲಸ ಎಂದು ಇಬ್ಬರಿಗೂ ತಿಳಿದಿತ್ತು. ಬಸ್ಸಿನಲ್ಲಿ ಅರ್ಧ ದಾರಿಯ ವಳಸಂಗ ದಾಟುವವರೆಗೂ ಅತ್ತೆ ತುಟಿ ಬಿಚ್ಚಲಿಲ್ಲ. ಅವಳು ಅಷ್ಟು ಹೊತ್ತು ಸುಮ್ಮನೆ ಇದ್ದದ್ದನ್ನು ನಾನು ಅದೇ ಮೊದಲು ನೋಡಿದ್ದು.

ಕುನಾಲ ಕೂಸನ್ನು ಎತ್ತಿಕೊಳ್ಳಲು ಬಾಗಿಲಿಗೆ ಓಡಿ ಬಂದ. ಅತ್ತೆ ಅಡ್ಡ ನಿಂತಳು.

"ಲೇ ಕುನಾಲ, ರತ್ನಾಬಾಯಿ ನಮ್ಮ ಮನ್ಯಾಗ ಯಾವಾಗ ರೊಟ್ಟಿ ಬಡದಾಳಪಾ? ನಾ ಕಂಡಿಲ್ಲ."

ಅವನು ಚಾಚಿದ ಕೈ ಹಿಂದಕ್ಕೆ ತೆಗೆದುಕೊಂಡ. "ಅವ್ವಾ, ಲಕ್ಷ್ಮೀಕಾಂತ ಹೇಳಿದ, ಚಂದ ಫೋಟೊ ಇದ್ರ ಗಿರಾಕಿ..."

"ಅಂವ ಫೋಟೊ ಹಾಕ್ಯಾನ. ಹೆಸರು ಯಾರು ಕೊಟ್ರು?"

"ನಾನು," ಎಂದ.

ನಾವು ಬೌದ್ಧರು, ಬಾಬಾಸಾಹೇಬರ ಹಾದಿ ಹಿಡಿದವರು. ನಮ್ಮ ಅಡ್ಡಹೆಸರು ಬನಸೋಡೆ. ಸೊಲ್ಲಾಪುರದಲ್ಲಿ ಅರ್ಧ ಮಂದಿಗೆ ಅಷ್ಟು ಹೇಳಿದರೆ ಸಾಕು, ಉಳಿದ ಅರ್ಧ ಮಂದಿ "ಯಾರ ಪೈಕಿ?" ಎಂದು ಕೇಳಿ ಜಾತಿ ತಿಳಿದುಕೊಳ್ಳುತ್ತಾರೆ. ಬಾಡಿಗೆ ಮನೆ ಹುಡುಕುವಾಗ ಈ ಪ್ರಶ್ನೆ ಕುನಾಲನಿಗೆ ಎಷ್ಟು ಬಾಗಿಲಲ್ಲಿ ಸಿಕ್ಕಿತೋ ಅವನೇ ಬಲ್ಲ. ಮನೆ ತೋರಿಸಿದವರೇ ಹೆಸರು ಕೇಳಿ, ಅಯ್ಯೋ ನಿನ್ನೆಯೇ ಕೊಟ್ಟುಬಿಟ್ಟೆವು ಎಂದು ಕದ ಹಾಕಿಕೊಂಡಿದ್ದರು. ಫೋನ್ ನಂಬರ್ ಹಾಕಿದರೆ ಯಾರಾದರೂ ಅದನ್ನೇ ಕೇಳಿಯಾರು ಎಂದು ನಂಬರನ್ನೇ ತೆಗೆಸಿದ್ದ.

"ಅಕ್ಕಲಕೋಟದಾಗ ನಿನ್ನ ಬುಟ್ಟಿ ಮುಂದ ಯಾರೂ ಕೇಳಂಗಿಲ್ಲ ಅವ್ವಾ, ತಿಂದು ಹೋಗ್ತಾರ. ಇಂಟರ್ನೆಟ್‌ನ್ಯಾಗ ಹೆಸರು ಓದ್ತಾರ. ಓದಿದ್ರ ಯಾರು ತಿಂತಾರ ಹೇಳು!" ಎಂದ ಕುನಾಲ.

ಅವನ ನೋವು ನನಗೆ ತಿಳಿಯದೆ ಇಲ್ಲ. ಆದರೂ ಸಿಟ್ಟು ಇಳಿಯಲಿಲ್ಲ. "ಹಂಗಾದ್ರ ಈ ಕೂಸಿಗೂ ಬ್ಯಾರೆಯವರ ಅಡ್ಡಹೆಸರು ಇಟ್ಟು ಬಿಡು" ಎಂದೆ.

ಅತ್ತೆ ನನ್ನನ್ನು ಸುಮ್ಮನಿರಿಸಿದಳು. "ಬಾಡಿಗಿ ಮನಿ ಅವರದಿತ್ತು ಮಗನ, ಕೊಡಲಿಲ್ಲ. ರೊಟ್ಟಿ ನಂದದ. ನನ್ನ ರೊಟ್ಟಿಗೆ ನಾ ಯಾಕ ಅಡಗಿ ಕುಂಡ್ರಲಿ? ನಾಳಿ ಆ ಲಕ್ಷ್ಮೀಕಾಂತಗ ಬಾ ಅನ್ನು."

ಮರುದಿನ ಲಕ್ಷ್ಮೀಕಾಂತ ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಬಂದ. ಒಳ್ಳೆಯ ಹುಡುಗನೇ, ಆದರೆ ಎಲ್ಲವನ್ನೂ ಚಂದ ಮಾಡುವ ರೋಗ.

"ಮಾವಶಿ, ಹೊಸ ಸೀರಿ ಉಟ್ಕೋರಿ."

"ಹೊಸ ಸೀರಿ ಉಟ್ಟು ಒಲಿ ಮುಂದ ಯಾವಾಕಿ ಕುಂಡ್ರತಾಳ? ಇದ್ದಂಗ ತೆಗಿ."

ಅತ್ತೆ ಕೂತಳು. ಹಂಚಿನ ಮೇಲೆ ರೊಟ್ಟಿ, ಅದರ ಅಂಚಿಗೆಲ್ಲ ಅವಳ ಬೆರಳಿನ ಗುರುತು, ಕೈಗೆ ಹಿಟ್ಟು, ಹಣೆಗೆ ಬೆವರು. ಹಿಂದಿನ ಗೋಡೆಯ ಮೇಲೆ ಬುದ್ಧ, ಬಾಬಾಸಾಹೇಬರ ಫೋಟೊ. ಲಕ್ಷ್ಮೀಕಾಂತ ಎರಡು ಸಲ ಕ್ಲಿಕ್ ಮಾಡಿ, ಕುನಾಲನ ಕಡೆ ಒಮ್ಮೆ ನೋಡಿ ಹೇಳಿದ, "ಮಸ್ತ್ ಬಂದದ. ಹಿಂದಿನ ಗ್ವಾಡಿ ನಾ ಕಟ್ ಮಾಡ್ತೀನಿ, ಚಿಂತಿ ಬ್ಯಾಡ."

"ಯಾಕ? ಗ್ವಾಡಿ ಏನ್ ಮಾಡ್ಯದ ನಿನಗ?"

"ಇಲ್ರಿ, ಗಿರಾಕಿ ಲಕ್ಷ್ಯ ರೊಟ್ಟಿ ಮ್ಯಾಲ ಇರಲಿ ಅಂತ..."

"ಲಕ್ಷ್ಯ ಎಲ್ಲಿ ಬೇಕಾದ್ರೂ ಇರಲಿ. ಆ ಗ್ವಾಡಿ ಇಲ್ಲಂದ್ರ ನಾ ಇಲ್ಲ. ಗ್ವಾಡಿ ಸಮೇತ ಹಾಕು. ನನ್ನ ಹೆಸರು ಪೂರಾ ಬರಿ. ಮಲಕಮ್ಮ ಜಟ್ಟೆಪ್ಪ ಬನಸೋಡೆ, ಕರಜಗಿ. ಮರಾಠಿಯೊಳಗ ಬರಿ, ಇಂಗ್ಲಿಷಿನ್ಯಾಗ ಬರಿ, ಕನ್ನಡದಾಗೂ ಬರಿ. ನನಗ ಓದಾಕ ಬರೂದು ಅದೊಂದ. ಮತ್ತ ಫೋನ್ ನಂಬರ್ ಎಲ್ಲಕ್ಕಿಂತ ಮ್ಯಾಲ ಹಾಕು. ಆ ಪಾಸ್‌ವರ್ಡ್ ಗೀಸ್‌ವರ್ಡ್ ತೆಗೆದು ಒಗಿ."

ಲಕ್ಷ್ಮೀಕಾಂತ ಮತ್ತೆ ಕುನಾಲನ ಮುಖ ನೋಡಿದ. ಕುನಾಲ ನೆಲ ನೋಡುತ್ತ, "ಅವ್ವ ಹೇಳಿದಂಗ ಮಾಡು" ಎಂದಷ್ಟೇ ಹೇಳಿದ. ಇದ್ದ ಗಿರಾಕಿಯೂ ಹೋಗುತ್ತಾರೆಂದು ಅವನ ಮನಸ್ಸಿನಲ್ಲಿ ಅಂಜಿಕೆ ಹಾಗೇ ಇತ್ತು. ಸುಳ್ಳೇಕೆ, ನನಗೂ ಇತ್ತು.

ಹೊಸ ಪುಟ ಬಂದ ಮೇಲೆ ಮೊದಲ ಫೋನ್ ಸಾರಿಕಾಳದು. ನಕ್ಕು ನಕ್ಕು, "ಈಗ ಸಿಕ್ರಿ ನೋಡ್ರಿ ಕಾಕು" ಎಂದು ಖಾರ ಕಡಿಮೆಯ ಹಿಂಡಿಗೆ ಹೇಳಿದಳು. ಅವಳ ಗೆಳತಿಯರು ಇಬ್ಬರು ಮೂವರು ಫೋನ್ ಮಾಡಿದರು. ಆಮೇಲೆ ಒಂದು ರವಿವಾರ ಗುರುತಿಲ್ಲದ ನಂಬರು ಬಂತು. ಅತ್ತೆಯ ಕೈ ಹಿಟ್ಟಿನಲ್ಲಿತ್ತು, ನಾನು ಕೂಸಿಗೆ ಹಾಲು ಕುಡಿಸುತ್ತಿದ್ದೆ. ಡಬ್ಬಿ ಕಟ್ಟುತ್ತಿದ್ದ ಕುನಾಲ ಸ್ಪೀಕರ್ ಹಾಕಿ ಮಾತಾಡಿದ. ಸೊಲ್ಲಾಪುರದವನೇ. ಮನೆಯಲ್ಲಿ ಕಾರ್ಯಕ್ರಮವಿದೆ, ರೊಟ್ಟಿ ಬಹಳ ಬೇಕು, ಹಿಂಡಿಯೂ ಬೇಕು ಎಂದ. ಎಲ್ಲ ಹೇಳಿ ಮುಗಿಸಿ, ಮೆಲ್ಲಗೆ ಕೇಳಿದ.

"ಅಲ್ರಿ, ಬನಸೋಡೆ ಅಂತ ಹಾಕೀರಿ. ನೀವು ಯಾರ ಪೈಕಿ ಆಗ್ತೀರಿ?"

ರೊಟ್ಟಿ ಬಡಿಯುವ ಸದ್ದು ನಿಂತಿತು. ಕುನಾಲ ಅತ್ತೆಯ ಕಡೆ ನೋಡಿದ. ಅವಳು ಒಲೆಯ ಕಡೆಗೇ ಮುಖ ಮಾಡಿ ಕೂತಿದ್ದಳು, ತಿರುಗಲಿಲ್ಲ.

"ಬೌದ್ಧರು ರೀ," ಎಂದ ಕುನಾಲ. ದನಿ ನಡುಗಿತು, ತಗ್ಗಲಿಲ್ಲ. "ಗ್ವಾಡಿ ಮ್ಯಾಲಿನ ಫೋಟೊ ನೋಡಿಲ್ಲೇನ್ರಿ? ರೊಟ್ಟಿ ನಮ್ಮವ್ವ ಬಡೀತಾಳ. ಹೇಳ್ರಿ, ಎಷ್ಟು ಕಳಸ್ಲಿ?"

"ಹಾಂ... ಮನ್ಯಾಗ ಕೇಳಿ ಆಮ್ಯಾಲ ಮಾಡ್ತೀನಿ" ಎಂದವನೇ ಇಟ್ಟುಬಿಟ್ಟ.

"ಇಟ್ಟನೇನು? ಇಡಲಿ," ಎಂದಳು ಅತ್ತೆ. ಹಂಚಿನ ಮೇಲಿನ ಬಿಸಿ ರೊಟ್ಟಿ ತೆಗೆದು, ಹಿಂಡಿ ಹಾಕಿ, ಎಣ್ಣೆ ಬಿಟ್ಟು ಮಗನ ಕೈಗೆ ಕೊಟ್ಟಳು. "ಅಂವನ ಪಾಲಿಂದು ನೀ ತಿನ್ನು."

ಕುನಾಲ ತಿಂದ. ಅಳುತ್ತಲೇ ತಿಂದ, ಒಂದು ತುಣುಕೂ ಬಿಡಲಿಲ್ಲ. ಕೈ ಒರೆಸಿಕೊಂಡು ತಾನೇ ಫೋನ್ ಎತ್ತಿ ಲಕ್ಷ್ಮೀಕಾಂತನಿಗೆ ಹಚ್ಚಿದ.

"ಅವ್ವನ ಹೆಸರು ಸಣ್ಣದು ಕಾಣಾಕತ್ತದ, ದೊಡ್ಡದು ಮಾಡು," ಎಂದ. "ಹೂಂ, ಅಡ್ಡಹೆಸರು ಸಮೇತ."