ಕೊಡವದೆ ಉಳಿದ ಕೌದಿ

ಸತ್ತವರ ದನಿ ಕೇಳಿತೆಂದು ಯಾರಾದರೂ ಹೇಳತೊಡಗಿದರೆ ಎದ್ದು ಹೋಗುತ್ತಿದ್ದವನು ನಾನು. ವಿಜ್ಞಾನ ಓದಿದ ಹಮ್ಮು ಎಂದುಕೊಳ್ಳಿ. ಈಗ ನಾನೇ ಅಂಥದೊಂದನ್ನು ಬರೆಯುತ್ತಿದ್ದೇನೆ. ನೀವು ಎದ್ದು ಹೋದರೆ ನನಗೆ ಬೇಸರವಿಲ್ಲ.

ನನ್ನ ಅಣ್ಣ ಹರಿಹರದಿಂದ ದಿನವೂ ರೈಲಿನಲ್ಲಿ ದಾವಣಗೆರೆಯ ಒಂದು ಬಟ್ಟೆ ಗಿರಣಿಗೆ ಹೋಗುತ್ತಿದ್ದ. ಮೀಸೆ ಮೂಡುವ ಮೊದಲೇ ಸೇರಿದ ಕೆಲಸ. ಕಲ್ನಾರಿನ, ಅಂದರೆ ಆಸ್ಬೆಸ್ಟಾಸಿನ, ಪುಡಿಯನ್ನು ನೀರಲ್ಲಿ ಕಲಸಿ, ಶಾಖ ಆರದಂತೆ ಬಾಯ್ಲರಿಗೂ ಹಬೆಯ ಕೊಳವೆಗಳಿಗೂ ಮೆತ್ತುವುದು, ಬಿರುಕು ಬಿಟ್ಟ ಹಳೆಯದನ್ನು ಒಡೆದು ತೆಗೆಯುವುದು. ಪುಡಿ ತುಂಬಿ ಬರುತ್ತಿದ್ದ ಗೋಣಿಚೀಲ ಖಾಲಿಯಾದರೆ ಕೆಲಸಗಾರರಿಗೇ ಬಿಡುತ್ತಿದ್ದರು. ಗಟ್ಟಿ ಚೀಲ, ಯಾರು ಬ್ಯಾಡ ಅಂದಾರು? ಅತ್ತಿಗೆ ಅವನ್ನು ಬಿಡಿಸಿ, ಮೇಲೆ ಕೆಳಗೆ ಹಳೆಯ ಸೀರೆಯಿಟ್ಟು ಕೌದಿ ಹೊಲಿದಿದ್ದಳು. ಅದರಷ್ಟು ಬೆಚ್ಚನೆಯದು ಓಣಿಯಲ್ಲೇ ಇರಲಿಲ್ಲ.

ಅರವತ್ತರ ದಶಕದ ಆರಂಭದಲ್ಲಿ ಅಣ್ಣನಿಗೆ ಪಕ್ಕೆನೋವು, ಏದುಸಿರು ಶುರುವಾಯಿತು. ಎಕ್ಸ್‌ರೇಯಲ್ಲಿ ಎದೆಯೊಳಗೆ ನೀರು ಕಂಡಿತು. ಕ್ಷಯವೆಂದು ತಿಂಗಳುಗಟ್ಟಲೆ ಇಂಜೆಕ್ಷನ್ ಕೊಟ್ಟರು. ಸೂಜಿ ಹಾಕಿ ತೆಗೆದ ನೀರು ಮತ್ತೆ ತುಂಬುತ್ತಿತ್ತು, ಬರಬರುತ್ತ ಕೆಂಪಾಯಿತು. ಕ್ಷಯದ ಕ್ರಿಮಿ ಮಾತ್ರ ಸಿಗಲಿಲ್ಲ. ಕೊನೆಗೆ ಬೆಂಗಳೂರಿನಲ್ಲಿ ಒಂದು ಚೂರು ಕತ್ತರಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿ, ಶ್ವಾಸಕೋಶವನ್ನು ಸುತ್ತಿದ ಪೊರೆಯಲ್ಲೇ ಗಡ್ಡೆ ಎಂದರು. ಕಾರಣ ಗೊತ್ತಿಲ್ಲ, ಕೊಯ್ದು ತೆಗೆಯಲಾಗದು. ನೀರು ತೆಗೆಯುವುದು, ನೋವಿಗೆ ಮದ್ದು ಕೊಡುವುದು, ಅಷ್ಟೇ ಚಿಕಿತ್ಸೆ. ಅಣ್ಣ ಆ ಕೌದಿಯ ಮೇಲೆಯೇ ತೀರಿಕೊಂಡ.

ಮಾತಾಡಿಸಲು ಬಂದ ಗಿರಣಿಯ ಮೇಸ್ತ್ರಿ, "ಬೀಡಿ ಭಾಳ ಸೇದತಿದ್ನೇನಮ್ಮ?" ಎಂದ. ಅಣ್ಣ ಬೀಡಿ ಮುಟ್ಟಿದವನಲ್ಲ. ಅತ್ತಿಗೆ ಮೇಸ್ತ್ರಿಯ ಕಿವಿಗೆ ಸಿಕ್ಕಿಸಿದ್ದ ಬೀಡಿ ನೋಡಿ, "ಅದರಿಂದ ಬರೋದಾಗಿದ್ರೆ ನೀವು ಯಾವಾಗೋ ಹೋಗ್ಬೇಕಿತ್ತಲ್ರಿ" ಎಂದಳು. ಅವನು ಚಹಾ ಅರ್ಧಕ್ಕೇ ಬಿಟ್ಟು ಎದ್ದ.

ಸತ್ತವರ ಹಾಸಿಗೆಯನ್ನು ಹೊಳೆಗೆ ಬಿಡುವುದು ನಮ್ಮ ಮನೆಯ ರೂಢಿ. "ನಾ ಹೊಲಿದದ್ದು, ನಾನೇ ಹೊದೀತೀನಿ. ಹೊಳಿಗೇನು ಚಳಿ ಐತೇನು?" ಎಂದು ಅತ್ತಿಗೆ ಹಿರಿಯರ ಬಾಯಿ ಮುಚ್ಚಿಸಿದಳು. ಒಂದು ಮಧ್ಯಾಹ್ನ ಕೌದಿಯನ್ನು ಹಿತ್ತಲ ಗೋಡೆಯ ಮೇಲೆ ಹರವಿ, ಬಡಿದು ಧೂಳು ಕೊಡವಲು ಕೋಲೆತ್ತಿದಳು. ನಾನು ಬಾಗಿಲಲ್ಲಿ ನಿಂತಿದ್ದೆ.

"ಬಡೀಬ್ಯಾಡ!"

ಅಣ್ಣನ ದನಿ. ಕೊನೆಯ ತಿಂಗಳುಗಳ ಸೋತ ದನಿಯಲ್ಲ; ಗಿರಣಿಯ ಗದ್ದಲದಲ್ಲಿ ಕೂಗಿ ರೂಢಿಯಾಗಿದ್ದ ಮೊದಲಿನ ದೊಡ್ಡ ದನಿ. ಎತ್ತಿದ ಕೋಲು ಹಾಗೆಯೇ ನಿಂತಿತು. ಅತ್ತಿಗೆ ನನ್ನತ್ತ ತಿರುಗಿದಳು.

"ನಾನಲ್ಲ" ಎಂದೆ.

"ನೀನಲ್ಲಂತ ಗೊತ್ತು ಮಾರಾಯ. ನಿನ್ನ ದನಿ ಹೊಸ್ತಿಲು ದಾಟಲ್ಲ." ಅವಳು ಕೋಲನ್ನು ಗೋಡೆಗೆ ಒರಗಿಸಿದಳು. "ಇರೋತನಕ ಒಂದಿನಾನೂ ನಂಗ ಬ್ಯಾಡ ಅಂದೋರಲ್ಲ. ಈಗ ಅಂದ್ರು ಅಂದ್ರ ಏನೋ ಐತೆ. ನೀರು ತಾ."

ಹೊದೆಯುವ ಮಾತನ್ನು ಅತ್ತಿಗೆ ಮತ್ತೆ ಎತ್ತಲಿಲ್ಲ. ಕೌದಿಯನ್ನು ಕೊಡವದೆ, ಧೂಳು ಏಳದಂತೆ ನೀರು ಸುರಿದು ತೋಯಿಸಿ, ಹಿತ್ತಲಲ್ಲೇ ಆಳವಾಗಿ ಹೂತೆವು.

ಎಷ್ಟೋ ವರ್ಷಗಳ ಮೇಲೆ ಪರಿಚಯದ ವೈದ್ಯರೊಬ್ಬರು ಹೇಳಿದರು: ಕಲ್ನಾರಿನ ಧೂಳು ಉಸಿರಿನೊಂದಿಗೆ ಒಳಹೊಕ್ಕು, ದಶಕಗಳ ನಂತರ ಆ ಪೊರೆಯಲ್ಲಿ ಗಡ್ಡೆ ತರುತ್ತದಂತೆ, ಕೆಲಸಗಾರರ ಬಟ್ಟೆ ಕೊಡವಿ ಒಗೆದ ಹೆಂಗಸರನ್ನೂ ಬಿಟ್ಟಿಲ್ಲವಂತೆ. ನಾನು ಕೌದಿಯ ಕಥೆ ಹೇಳಿದೆ. "ನೀವೇ ಕೂಗಿರ್ತೀರಿ, ಆಮೇಲೆ ಮರೆತಿರ್ತೀರಿ" ಎಂದು ನಕ್ಕರು.

ಇರಬಹುದು. ನನ್ನ ನೆನಪಿನ ಮೇಲೆ ನನಗೇ ಭರವಸೆಯಿಲ್ಲ. ಆ ದಿನದ ದಿನಚರಿಯಲ್ಲಿ "ಕೌದಿ ಹೂತೆವು" ಎಂದಷ್ಟೇ ಬರೆದಿದ್ದೇನೆ. ದನಿಯ ವಿಷಯ ಬರೆಯಲು ನಾಚಿದೆನೋ, ಆ ದನಿಯನ್ನು ಆಮೇಲೆ ನಾನೇ ಸೇರಿಸಿಕೊಂಡೆನೋ! ಆದರೆ ಬೆಂಗಳೂರಿನ ವೈದ್ಯರಿಗೇ ಗೊತ್ತಿರದ ಧೂಳಿನ ಗುಟ್ಟು ನನ್ನ ಬಾಯಿಗೆ ಹೇಗೆ ಬಂದೀತು? ದೆವ್ವವೆಂದು ನಾನು ಒಪ್ಪುವುದಿಲ್ಲ. ಭ್ರಮೆಯೆಂದೂ ಒಪ್ಪುವುದಿಲ್ಲ.

ಅತ್ತಿಗೆ ಇನ್ನೂ ಗಟ್ಟಿಯಾಗಿದ್ದಾಳೆ. ಆ ಮಧ್ಯಾಹ್ನಕ್ಕೆ ಮೊದಲು ಕೌದಿಯನ್ನು ಅವಳು ಎಷ್ಟು ಸಲ ಬಡಿದಿದ್ದಳೋ ಎಂದು ನನಗೆ ಅಂಜಿಕೆ. ಎದೆಯ ಎಕ್ಸ್‌ರೇ ತೆಗೆಸೋಣವೆಂದರೆ, "ಏನಾರ ಇದ್ರ ನಿಮ್ಮಣ್ಣ ಹೇಳ್ದೇ ಇರ್ತಾರೇನು?" ಎನ್ನುತ್ತಾಳೆ.